ಇಪ್ಪತ್ತೊಂಬತ್ತು ಸ್ಥಾನಗಳ ಒಂದು ಸಂಖ್ಯೆ: ವೀರಸೇನರ ಆಕ್ಷೇಪ, ನೇಮಿಚಂದ್ರರ ಗಾಹೆ

ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಗೊಮ್ಮಟಸಾರದ ಜೀವಕಾಂಡದಲ್ಲಿ ಒಂದು ಗಾಹೆಯಿದೆ. ಪ್ರಾಕೃತ ಬಲ್ಲ ಓದುಗನೂ ಅದನ್ನು ಮೊದಲ ಸಲ ಓದಿದಾಗ ತಡವರಿಸುತ್ತಾನೆ. ಹೊಗೆ, ಕಳ್ಳ, ಭಯ, ಮೇರು ಎಂಬ ಅರ್ಥಗಳನ್ನು ಸೂಚಿಸುವ ಪದಗಳು ಒಂದರ ಹಿಂದೊಂದು ಬರುತ್ತವೆ. ಆದರೆ ಅವುಗಳಿಂದ ಒಂದು ವಾಕ್ಯಾರ್ಥ ಹೊರಡುವುದಿಲ್ಲ. ಕೊನೆಯಲ್ಲಿ ಮಾತ್ರ, ಇವು ಪರ್ಯಾಪ್ತ ಮನುಷ್ಯರ ಸಂಖ್ಯೆಯ ಅಂಕಗಳು ಎಂಬ ಸೂಚನೆ ದೊರೆಯುತ್ತದೆ. ಆಗ ಗಾಹೆಯ ಗುಟ್ಟು ತಿಳಿಯುತ್ತದೆ. ಅದರ ಒಂದೊಂದು ಅಕ್ಷರವೂ ಒಂದೊಂದು ಅಂಕ.

ಇಲ್ಲಿ ಬಳಕೆಯಾಗಿರುವುದು ಕಟಪಯಾದಿ ಕ್ರಮ. ಕಕಾರದಿಂದ ಒಂಬತ್ತು ಅಕ್ಷರಗಳಿಗೆ, ಟಕಾರದಿಂದ ಒಂಬತ್ತು ಅಕ್ಷರಗಳಿಗೆ ಕ್ರಮವಾಗಿ 1ರಿಂದ 9ರವರೆಗಿನ ಬೆಲೆ. ಪಕಾರದಿಂದ ಐದಕ್ಕೆ 1ರಿಂದ 5. ಯಕಾರದಿಂದ ಎಂಟಕ್ಕೆ 1ರಿಂದ 8. ಞ, ನ ಮೊದಲಾದವು ಸೊನ್ನೆ. ವ್ಯಂಜನದೊಡನೆ ಕೂಡಿದ ಸ್ವರಕ್ಕೆ ಬೆಲೆಯಿಲ್ಲ. ಲ, ಲಾ, ಲೀ ಯಾವುದಿದ್ದರೂ 3. ಅಂಕಗಳ ನಡೆ ಎಡಕ್ಕೆ ಎಂಬ ನಿಯಮದಂತೆ ಮೊದಲ ಅಕ್ಷರ ಬಿಡಿಸ್ಥಾನಕ್ಕೆ ಸಲ್ಲುತ್ತದೆ. ಗಾಹೆಯ ಮೊದಲ ಅಕ್ಷರ ತಕಾರ, ಅದರ ಬೆಲೆ 6. ಅನಂತರದ ಎರಡು ಅಕ್ಷರಗಳು ಲಕಾರ, ಬೆಲೆ 3, 3. ಅಂದರೆ ಸಂಖ್ಯೆ 336ರಲ್ಲಿ ಮುಗಿಯುತ್ತದೆ. ಹೀಗೆ ಇಪ್ಪತ್ತೊಂಬತ್ತು ಅಕ್ಷರಗಳನ್ನೂ ಬಿಡಿಸಿ ಬರೆದರೆ ದೊರೆಯುವ ಸಂಖ್ಯೆ ಇದು:

79,22,81,62,51,42,64,33,75,93,54,39,50,336

ಪುರಾಣಗಳಲ್ಲಿ ಬರುವ ದೊಡ್ಡ ಸಂಖ್ಯೆಗಳನ್ನು ಕಂಡಾಗ ಇಂದಿನ ಓದುಗ ಅವನ್ನು ಅಪಾರತೆಯ ಅಲಂಕಾರವೆಂದು ಭಾವಿಸಿ ಮುಂದೆ ಸಾಗುವುದು ವಾಡಿಕೆ. ಈ ಸಂಖ್ಯೆಯನ್ನು ಹಾಗೆ ಬಿಟ್ಟು ಸಾಗುವಂತಿಲ್ಲ. ಇದು 2ನ್ನು 96 ಬಾರಿ ಗುಣಿಸಿದಾಗ ಬರುವ ನಿಖರವಾದ ಬೆಲೆ. ಒಂದು ಅಂಕವೂ ಹೆಚ್ಚಿಲ್ಲ, ಒಂದು ಅಂಕವೂ ಕಡಿಮೆಯಿಲ್ಲ. ಇದಕ್ಕಿಂತ ಮುಖ್ಯವಾದುದು, ಜೈನ ಗ್ರಂಥಪರಂಪರೆಯೊಳಗೇ ಈ ಸಂಖ್ಯೆ ಪ್ರಶ್ನೆಗೆ ಒಳಗಾಗಿದೆ ಎಂಬುದು. ಗೊಮ್ಮಟಸಾರಕ್ಕಿಂತ ಒಂದೂವರೆ ಶತಮಾನಕ್ಕೂ ಹಿಂದೆ ಧವಲಾ ಟೀಕೆಯ ಕರ್ತೃ ವೀರಸೇನಾಚಾರ್ಯರು ಇದನ್ನು ಒಪ್ಪಲು ಸಾಧ್ಯವಿಲ್ಲವೆಂದು ಲೆಕ್ಕ ಹಾಕಿ ತೋರಿಸಿದ್ದರು.

ಮೊದಲು ಸಂಖ್ಯೆಯ ಸ್ವರೂಪವನ್ನು ನೋಡಬೇಕು. ಜೈನ ಗಣಿತದಲ್ಲಿ 2ರಿಂದ ಹೊರಟು ವರ್ಗ, ವರ್ಗದ ವರ್ಗ, ಅದರ ವರ್ಗ ಎಂದು ಸಾಗುವ ಒಂದು ಶ್ರೇಣಿಯಿದೆ. ನೇಮಿಚಂದ್ರರ ತ್ರಿಲೋಕಸಾರ ಹದಿನಾಲ್ಕು ಸಂಖ್ಯಾಧಾರೆಗಳನ್ನು ವಿವರಿಸುವಾಗ ಇದನ್ನು ದ್ವಿರೂಪವರ್ಗಧಾರೆ ಎನ್ನುತ್ತದೆ. ಮೊದಲ ವರ್ಗ 4, ಎರಡನೆಯದು 16, ಮೂರನೆಯದು 256, ನಾಲ್ಕನೆಯದು 65,536. ಐದನೆಯದು 4,29,49,67,296. ಆರನೆಯದು 1,84,46,74,40,73,70,95,51,616. ಈ ದೊಡ್ಡ ವರ್ಗಗಳನ್ನು ಪ್ರತಿಬಾರಿಯೂ ಪೂರ್ಣವಾಗಿ ಹೇಳುವ ತೊಡಕನ್ನು ತಪ್ಪಿಸಲು ಅವುಗಳ ಮೊದಲ ಅಂಕಗಳಿಂದಲೇ ಹೆಸರುಗಳು ಹುಟ್ಟಿಕೊಂಡವು. ನಾಲ್ಕನೆಯದು ಪಣ್ಣಟ್ಠಿ, ಎಂದರೆ ಅರವತ್ತೈದು. ಐದನೆಯದು ಬಾದಾಲ, ಎಂದರೆ ನಲವತ್ತೆರಡು. ಆರನೆಯದು ಏಕಟ್ಠಿ, ಒಂದು ಮತ್ತು ಎಂಟು. ಈ ಮೂರು ಹೆಸರುಗಳು ಪಾಠ ಹೇಳುವವರ, ಕೇಳುವವರ ಬಾಯಲ್ಲಿ ಪಳಗಿದ ಹೆಸರುಗಳೆಂಬುದು ನೋಡಿದೊಡನೆ ತಿಳಿಯುತ್ತದೆ.

ನಮ್ಮ ಸಂಖ್ಯೆ ಬಾದಾಲ ಮತ್ತು ಏಕಟ್ಠಿಗಳ ಗುಣಲಬ್ಧ. ಬಾದಾಲದಲ್ಲಿ 32 ಎರಡುಗಳು, ಏಕಟ್ಠಿಯಲ್ಲಿ 64, ಕೂಡಿದರೆ 96. ಇದನ್ನೇ ಬಾದಾಲದ ಘನವೆಂದೂ ಹೇಳಬಹುದು, ಏಕೆಂದರೆ 32ರ ಮೂರರಷ್ಟೂ 96ೇ. ಶ್ವೇತಾಂಬರ ಆಗಮವಾದ ಅನುಯೋಗದ್ವಾರಸೂತ್ರ ಇದನ್ನು ಐದನೆಯ ವರ್ಗದಿಂದ ಗುಣಿಸಿದ ಆರನೆಯ ವರ್ಗವೆಂದೂ ತೊಂಬತ್ತಾರು ಬಾರಿ ಅರ್ಧಿಸಬಹುದಾದ ರಾಶಿಯೆಂದೂ ಹೇಳುತ್ತದೆ. ಗೊಮ್ಮಟಸಾರ ಅಕ್ಷರಾಂಕಗಳ ಗಾಹೆಗೆ ಹಿಂದಿನ ಗಾಹೆಯಲ್ಲಿ ಐದನೆಯ ವರ್ಗದ ಘನ ಎನ್ನುತ್ತದೆ. ಗುಣಲಬ್ಧವಾಗಿ, ಘನವಾಗಿ, ಅರ್ಧಿಸುವ ಎಣಿಕೆಯಾಗಿ, ಅಕ್ಷರಗಳ ಸಾಲಾಗಿ ನಾಲ್ಕು ಬಗೆಯಲ್ಲಿ ಹೇಳಿದರೂ ಸಂಖ್ಯೆ ಒಂದೇ.

ಇದರ ಗುಣಗಳು ಸರಳವಾಗಿವೆ, ಆದರೆ ವಿಶಿಷ್ಟವಾಗಿವೆ. 2ನ್ನು ಬಿಟ್ಟರೆ ಬೇರಾವ ಅವಿಭಾಜ್ಯವೂ ಇದನ್ನು ಭಾಗಿಸುವುದಿಲ್ಲ. 1 ಮತ್ತು ತಾನು ಸೇರಿ ಇದಕ್ಕೆ ಇರುವ ಭಾಜಕಗಳು 97 ಮಾತ್ರ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ಮೊತ್ತ ತನಗಿಂತ ಒಂದೇ ಒಂದು ಕಡಿಮೆ. ಇದು ಪೂರ್ಣವರ್ಗವೂ ಹೌದು, ಪೂರ್ಣಘನವೂ ಹೌದು. ಆದರೆ ದ್ವಿರೂಪವರ್ಗಧಾರೆಯಲ್ಲಿ ಇದಕ್ಕೆ ಸ್ಥಾನವಿಲ್ಲ. ಏಕಟ್ಠಿಯ ವರ್ಗಮೂಲವನ್ನು ಮತ್ತೆ ಮತ್ತೆ ತೆಗೆಯುತ್ತ ಹೋದರೆ ಕೊನೆಗೆ 2 ದೊರೆಯುತ್ತದೆ. ಈ ಸಂಖ್ಯೆಯ ವರ್ಗಮೂಲವನ್ನು ಹಾಗೆಯೇ ಐದು ಬಾರಿ ತೆಗೆದರೆ 8 ಬರುತ್ತದೆ. 8ಕ್ಕೆ ಪೂರ್ಣಾಂಕದ ವರ್ಗಮೂಲವಿಲ್ಲ. ಆದುದರಿಂದ ಇದು ಆರನೆಯ ಮತ್ತು ಏಳನೆಯ ವರ್ಗಗಳ ನಡುವೆ ಇರುವ, ಆದರೆ ಆ ಸಾಲಿಗೆ ಸೇರದ ಸಂಖ್ಯೆ.

ಇಂತಹ ರಾಶಿಗಳನ್ನು ನಿರ್ವಹಿಸಲು ವೀರಸೇನರ ಕೈಯಲ್ಲಿ ಎರಡು ಸಾಧನಗಳಿದ್ದವು. ಒಂದು ರಾಶಿಯನ್ನು ಎಷ್ಟು ಬಾರಿ ಅರ್ಧಿಸಿದರೆ 1 ಉಳಿಯುವುದೋ ಅದು ಆ ರಾಶಿಯ ಅರ್ಧಚ್ಛೇದ. ಅರ್ಧಚ್ಛೇದದ ಅರ್ಧಚ್ಛೇದವೇ ವರ್ಗಶಲಾಕೆ. ಏಕಟ್ಠಿಯ ಅರ್ಧಚ್ಛೇದ 64, ವರ್ಗಶಲಾಕೆ 6. ಎರಡು ರಾಶಿಗಳನ್ನು ಗುಣಿಸಿದಾಗ ಅವುಗಳ ಅರ್ಧಚ್ಛೇದಗಳು ಕೂಡಿಕೊಳ್ಳುತ್ತವೆ, ಭಾಗಿಸಿದಾಗ ಕಳೆದುಕೊಳ್ಳುತ್ತವೆ ಎಂಬ ನಿಯಮ ಧವಲೆಯಲ್ಲಿ ಸ್ಪಷ್ಟವಾಗಿದೆ. ಇಂದಿನ ಪರಿಭಾಷೆಯಲ್ಲಿ ಇದು 2ನ್ನು ಆಧಾರವಾಗುಳ್ಳ ಲಾಗರಿದಮ್. ಮೂರರಿಂದ ಭಾಗಿಸುವ ತ್ರಿಕಚ್ಛೇದ, ನಾಲ್ಕರಿಂದ ಭಾಗಿಸುವ ಚತುರ್ಥಚ್ಛೇದಗಳೂ ಧವಲೆಗೆ ಗೊತ್ತು. ಆದರೂ ಹದಿನೇಳನೆಯ ಶತಮಾನದ ಯುರೋಪಿನಲ್ಲಿ ಗುಣಾಕಾರದ ಶ್ರಮ ತಪ್ಪಿಸಲು ರಚಿತವಾದ ಕೋಷ್ಟಕಗಳಿಗೂ ಇದಕ್ಕೂ ಉದ್ದೇಶದಲ್ಲಿ ವ್ಯತ್ಯಾಸವಿದೆ. ವೀರಸೇನರಿಗೆ ಬೇಕಾಗಿದ್ದುದು ದೊಡ್ಡ ರಾಶಿಗಳನ್ನು ಪರಸ್ಪರ ಹೋಲಿಸಿ, ಯಾವುದು ಯಾವುದರೊಳಗೆ ಅಡಗುವುದೆಂದು ನಿರ್ಣಯಿಸುವ ಉಪಾಯ. ಸಾಧನ ಒಂದೇ ಆಗಿದ್ದರೂ ಪ್ರಶ್ನೆ ಬೇರೆ. ಈ ವ್ಯತ್ಯಾಸವನ್ನು ಮರೆತು ಪೂರ್ವಜರಿಗೆ ಬಿರುದು ಕೊಡಹೊರಟರೆ ಅವರು ನಿಜವಾಗಿ ಮಾಡಿದ ಕೆಲಸ ಮರೆಯಾಗುತ್ತದೆ.

ಅವರು ಮಾಡಿದ ಕೆಲಸ ಇದು. ಧವಲೆ ಷಟ್ಖಂಡಾಗಮಕ್ಕೆ ಬರೆದ ಟೀಕೆ. ಪುಷ್ಪದಂತ, ಭೂತಬಲಿಗಳ ಆ ಆಗಮದ ದ್ರವ್ಯಪ್ರಮಾಣಾನುಗಮ ಭಾಗದಲ್ಲಿ, ಪರ್ಯಾಪ್ತ ಮನುಷ್ಯರು ಎಷ್ಟೆಂಬ ಪ್ರಶ್ನೆಗೆ ಸೂತ್ರ ಎರಡು ಜೊತೆ ಎಲ್ಲೆಗಳನ್ನು ಹೇಳುತ್ತದೆ. ಪರ್ಯಾಪ್ತರೆಂದರೆ ಆಹಾರ, ಶರೀರ, ಇಂದ್ರಿಯ ಮೊದಲಾದ ಶಕ್ತಿಗಳನ್ನು ಪೂರ್ಣವಾಗಿ ಪಡೆದವರು. ಅವರ ಸಂಖ್ಯೆ ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ. ಹಾಗೆಯೇ ಕೋಟಿಯ ಮೂರನೆಯ ಘಾತಕ್ಕಿಂತ ಮೇಲೆ, ಕೋಟಿಯ ನಾಲ್ಕನೆಯ ಘಾತಕ್ಕಿಂತ ಕೆಳಗೆ. ವರ್ಗಗಳ ಎಲ್ಲೆ ಬಹಳ ಸಡಿಲ. ಏಕಟ್ಠಿ ಇಪ್ಪತ್ತು ಸ್ಥಾನಗಳ ಸಂಖ್ಯೆ, ಏಳನೆಯ ವರ್ಗ ಮೂವತ್ತೊಂಬತ್ತು ಸ್ಥಾನಗಳದು. ಕೋಟಿಗಳ ಎಲ್ಲೆ ಅದಕ್ಕಿಂತ ಬಿಗಿ. ಕೋಟಿಯ ಮೂರನೆಯ ಘಾತವೆಂದರೆ 1ರ ಮುಂದೆ 21 ಸೊನ್ನೆ, ನಾಲ್ಕನೆಯದೆಂದರೆ 1ರ ಮುಂದೆ 28 ಸೊನ್ನೆ.

ಪರಂಪರೆಯಿಂದ ಬಂದ ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆಯನ್ನು ಈ ಸೂತ್ರದ ಮುಂದಿಟ್ಟು ನೋಡಿದಾಗ ತೊಡಕು ಕಾಣಿಸುತ್ತದೆ. ವರ್ಗಗಳ ಎಲ್ಲೆಯೊಳಗೆ ಅದು ಸುಲಭವಾಗಿ ನಿಲ್ಲುತ್ತದೆ. ಕೋಟಿಯ ನಾಲ್ಕನೆಯ ಘಾತಕ್ಕೂ ಸ್ಥಾನಗಳು ಇಪ್ಪತ್ತೊಂಬತ್ತೇ. ಆದುದರಿಂದ ಸ್ಥಾನಗಳನ್ನಷ್ಟೇ ಎಣಿಸಿದವನಿಗೆ ಎರಡೂ ಸಮವೆಂದು ತೋರುತ್ತದೆ. ಆದರೆ ಒಂದರ ಮೊದಲ ಅಂಕ 1, ಇನ್ನೊಂದರದು 7. ಪರಂಪರೆಯ ಸಂಖ್ಯೆ ಸೂತ್ರದ ಮೇಲಿನ ಎಲ್ಲೆಯನ್ನು ಹೆಚ್ಚುಕಡಿಮೆ ಎಂಟರಷ್ಟು ಮೀರಿದೆ. ಸ್ಥಾನಸಾಮ್ಯ ಮರೆಮಾಡಿದ್ದ ಈ ಅಂತರವನ್ನು ವೀರಸೇನರು ಗುರುತಿಸಿದರು.

ಸೂತ್ರಕ್ಕೆ ವಿರುದ್ಧವಾದುದು ಅಪ್ರಮಾಣ ಎಂದು ಅವರು ಅಲ್ಲಿಗೇ ನಿಲ್ಲಬಹುದಾಗಿತ್ತು. ಟೀಕಾಕಾರನಿಗೆ ಅಷ್ಟು ಅಧಿಕಾರ ಸಾಕಿತ್ತು. ಆದರೆ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟು ಮನುಷ್ಯಕ್ಷೇತ್ರದ ವಿಸ್ತೀರ್ಣವನ್ನು ಗಣಿಸಿದರು. ಇಷ್ಟು ದೊಡ್ಡ ರಾಶಿಯ ಮನುಷ್ಯರು ಆ ಕ್ಷೇತ್ರದಲ್ಲಿ ಹಿಡಿಸಲಾರರು, ಆದುದರಿಂದ ಆ ಸಂಖ್ಯೆ ಸರಿಯಲ್ಲ ಎಂದರು.

ಆಗಮದ ಅಳತೆಗಳನ್ನೇ ಹಿಡಿದು ಈ ವಾದದ ಬಲವನ್ನು ಇಂದಿನ ಓದುಗನೂ ಪರೀಕ್ಷಿಸಬಹುದು. ಮನುಷ್ಯರು ವಾಸಿಸುವುದು ಎರಡೂವರೆ ದ್ವೀಪಗಳಲ್ಲಿ. ಆ ವೃತ್ತದ ವ್ಯಾಸ 45 ಲಕ್ಷ ಯೋಜನ. ವ್ಯಾಸವನ್ನು ಹತ್ತರ ವರ್ಗಮೂಲದಿಂದ ಗುಣಿಸುವ ಜೈನ ಕ್ರಮದಲ್ಲಿ ಪರಿಧಿ 1,42,30,249 ಯೋಜನ. ಪರಿಧಿಯನ್ನು ವ್ಯಾಸದ ಕಾಲುಭಾಗದಿಂದ ಗುಣಿಸಿದರೆ ಕ್ಷೇತ್ರಫಲ ಸುಮಾರು 16 ಲಕ್ಷ ಕೋಟಿ ಚದರ ಯೋಜನ. ಒಂದು ಯೋಜನಕ್ಕೆ 7,68,000 ಅಂಗುಲ. ಆ ಪ್ರಕಾರ ಕ್ಷೇತ್ರಫಲವನ್ನು ಚದರ ಅಂಗುಲಗಳಿಗೆ ತಿರುಗಿಸಿದರೆ ಇಪ್ಪತ್ತೈದು ಸ್ಥಾನಗಳ ಸಂಖ್ಯೆ ಬರುತ್ತದೆ. ಇಪ್ಪತ್ತೊಂಬತ್ತು ಸ್ಥಾನಗಳ ಜನರಾಶಿಯನ್ನು ಅದರಿಂದ ಭಾಗಿಸಿದರೆ ಒಂದು ಚದರ ಅಂಗುಲಕ್ಕೆ ಸುಮಾರು 8,390 ಜನ!

ಇಲ್ಲಿ ಒಂದು ಸೂಕ್ಷ್ಮವನ್ನು ಬಿಡುವಂತಿಲ್ಲ. ದ್ವೀಪಸಾಗರಗಳನ್ನು ಅಳೆಯುವುದು ಪ್ರಮಾಣಾಂಗುಲದಿಂದ, ದೇಹಗಳನ್ನು ಅಳೆಯುವುದು ಉತ್ಸೇಧಾಂಗುಲದಿಂದ. ಮೊದಲನೆಯದು ಎರಡನೆಯದರ 500ರಷ್ಟು. ಹಾಗಾಗಿ ಒಂದು ಚದರ ಪ್ರಮಾಣಾಂಗುಲದಲ್ಲಿ 2,50,000 ಚದರ ಉತ್ಸೇಧಾಂಗುಲಗಳಿವೆ. ಈ ರಿಯಾಯಿತಿಯನ್ನು ಪೂರ್ಣವಾಗಿ ಕೊಟ್ಟರೂ ಒಬ್ಬ ಮನುಷ್ಯನ ಪಾಲಿಗೆ ಬರುವುದು 30 ಚದರ ಅಂಗುಲಕ್ಕಿಂತ ಕಡಿಮೆ. ಆರು ಅಂಗುಲಕ್ಕೆ ಒಂದು ಪಾದ. ಒಂದು ಚದರ ಪಾದವೆಂದರೆ 36 ಚದರ ಅಂಗುಲ. ಲವಣ, ಕಾಲೋದ ಸಮುದ್ರಗಳನ್ನೂ ಕುಲಪರ್ವತಗಳನ್ನೂ ನೆಲವೆಂದೇ ಎಣಿಸಿದರೂ ಒಬ್ಬೊಬ್ಬನಿಗೆ ಒಂದು ಪಾದದ ಚೌಕವೂ ದೊರೆಯುವುದಿಲ್ಲ. ಸೂತ್ರದ ಮೇಲಿನ ಎಲ್ಲೆಯಾದ ಕೋಟಿಯ ನಾಲ್ಕನೆಯ ಘಾತವನ್ನು ತೆಗೆದುಕೊಂಡರೆ ಪಾಲು 236 ಚದರ ಅಂಗುಲ, ಎಂದರೆ ಒಂದು ಗೇಣಿಗಿಂತ ತುಸು ಅಗಲದ ಚೌಕ. ಇಕ್ಕಟ್ಟಾದರೂ ನಿಲ್ಲಲು ಸಾಧ್ಯ. ಸೂತ್ರ ಉಳಿಯುತ್ತದೆ, ಪರಂಪರೆಯ ಸಂಖ್ಯೆ ಉಳಿಯುವುದಿಲ್ಲ.

ವೀರಸೇನರ ಭೂಗೋಳ ಇಂದಿನ ಭೂಗೋಳವಲ್ಲ. ಆದರೆ ಅವರ ವಾದದ ಕ್ರಮವನ್ನು ಇತಿಹಾಸಕಾರ ಗಮನಿಸಬೇಕು. ಪೂಜ್ಯರಿಂದ ಬಂದ ಸಂಖ್ಯೆಯನ್ನು ಅವರು ಮೊದಲು ಸೂತ್ರದ ಎದುರು, ಅನಂತರ ನೆಲದ ಎದುರು ನಿಲ್ಲಿಸಿದರು. ಸಂಖ್ಯೆಯ ಹಿರಿಮೆಗೆ ಮಣಿಯಲಿಲ್ಲ. ಅದು ರಾಷ್ಟ್ರಕೂಟರ ಕಾಲ. ಧವಲೆ ಮುಗಿದದ್ದು 816ರಲ್ಲಿ. ಕೆಲವು ದಶಕಗಳ ಬಳಿಕ ಅದೇ ರಾಜ್ಯದ ಅಮೋಘವರ್ಷನನ್ನು ಸ್ತುತಿಸಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರು ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನನಾಮಗಳನ್ನು ಕೊಟ್ಟರು. ನಮ್ಮ ಸಂಖ್ಯೆಗೆ ಆ ಪಟ್ಟಿಯೂ ಸಾಲದು. ಇನ್ನೂ ಐದು ಸ್ಥಾನಗಳು ಹೆಸರಿಲ್ಲದೆ ಉಳಿಯುತ್ತವೆ.

ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಗಂಗ ರಾಚಮಲ್ಲನ ಮಂತ್ರಿ ಚಾವುಂಡರಾಯನ ಗುರುಗಳಾದ ನೇಮಿಚಂದ್ರರು ಗೊಮ್ಮಟಸಾರವನ್ನು ರಚಿಸಿದಾಗ ಅದೇ ಸಂಖ್ಯೆ ಮತ್ತೆ ಬಂದಿತು. ಬಂದದ್ದಷ್ಟೇ ಅಲ್ಲ, ಘನವಾಗಿ ಒಮ್ಮೆ, ಅಕ್ಷರಾಂಕಗಳಲ್ಲಿ ಇನ್ನೊಮ್ಮೆ ಪ್ರತಿಷ್ಠಿತವಾಯಿತು. ಮುಂದಿನ ಗಾಹೆ ಪರ್ಯಾಪ್ತ ಮನುಷ್ಯರಲ್ಲಿ ನಾಲ್ಕನೆಯ ಮೂರು ಪಾಲು ಸ್ತ್ರೀಯರು ಎನ್ನುತ್ತದೆ. ರಾಶಿಯನ್ನು ನಾಲ್ಕರಿಂದ ಶೇಷವಿಲ್ಲದೆ ಭಾಗಿಸಬಹುದಾದ್ದರಿಂದ ಅಲ್ಲಿಯೂ ಪೂರ್ಣಾಂಕವೇ ದೊರೆಯುತ್ತದೆ: 59,42,11,21,88,56,98,25,31,95,15,79,62,752. ಧವಲೆಯನ್ನು ಅರಗಿಸಿಕೊಂಡು ಅದರ ಸಾರವನ್ನು ಸಂಗ್ರಹಿಸಿದ ನೇಮಿಚಂದ್ರರಿಗೆ ವೀರಸೇನರ ಆಕ್ಷೇಪ ತಿಳಿದಿರಲಿಲ್ಲವೆಂದು ಊಹಿಸುವುದು ಕಷ್ಟ. ಆದರೂ ಈ ಗಾಹೆಗಳಲ್ಲಿ ಅದರ ಸುಳಿವಿಲ್ಲ. ಸಂಗ್ರಹಗ್ರಂಥದ ಸ್ವಭಾವವೇ ಹಾಗೆ: ಅದು ಕಂಠಪಾಠಕ್ಕೆ ಒದಗುವ ನಿಶ್ಚಿತ ವಾಕ್ಯವನ್ನು ಬಯಸುತ್ತದೆ, ವಾದಕ್ಕೆ ಟೀಕೆಯಲ್ಲಿ ಜಾಗ. ಕಟ್ಟುನಿಟ್ಟಾದ ಎಲ್ಲೆಗಳಿಗಿಂತ ಅಕ್ಷರಗಳಲ್ಲಿ ಹೆಣೆದ ಒಂದು ಸಂಖ್ಯೆ ನೆನಪಿನಲ್ಲಿ ಸುಲಭವಾಗಿ ನಿಲ್ಲುತ್ತದೆ.

ಹೀಗೆ ಎರಡು ಧ್ವನಿಗಳು ಎರಡು ದಾರಿಗಳಲ್ಲಿ ಮುಂದೆ ಸಾಗಿದವು. ಎರಡಕ್ಕೂ ಕನ್ನಡನಾಡಿನ ಋಣವಿದೆ. ಗೊಮ್ಮಟಸಾರಕ್ಕೆ ಕೇಶವವರ್ಣಿ 1359ರಲ್ಲಿ ಜೀವತತ್ತ್ವಪ್ರದೀಪಿಕೆಯೆಂಬ ಕನ್ನಡ ವೃತ್ತಿಯನ್ನು ಮುಗಿಸಿದನು. ಅದನ್ನು ಅನುಸರಿಸಿ ಮತ್ತೊಬ್ಬ ನೇಮಿಚಂದ್ರರು ಸಂಸ್ಕೃತ ಟೀಕೆಯನ್ನು ಬರೆದರು. ಆ ಸಂಸ್ಕೃತ ಟೀಕೆಯ ಆಧಾರದಿಂದ ಹದಿನೆಂಟನೆಯ ಶತಮಾನದಲ್ಲಿ ಜಯಪುರದ ಪಂಡಿತ ಟೋಡರಮಲ್ಲರು ಢೂಂಢಾರಿ ಭಾಷೆಯಲ್ಲಿ ವಿವರಣೆ ರಚಿಸಿದರು. ಸಂಸ್ಕೃತ ಟೀಕೆಯನ್ನು ಬಹುಕಾಲ ಕೇಶವವರ್ಣಿಯದೆಂದೇ ತಿಳಿಯಲಾಗಿತ್ತು. ಆ ಗೊಂದಲವನ್ನು ಬಿಡಿಸಿದವರು ಆ. ನೇ. ಉಪಾಧ್ಯೆ. ಇಪ್ಪತ್ತೊಂಬತ್ತು ಸ್ಥಾನಗಳ ಸಂಖ್ಯೆ ಉತ್ತರಭಾರತದ ಸ್ವಾಧ್ಯಾಯಶಾಲೆಗಳನ್ನು ತಲಪಿದ ದಾರಿಯಲ್ಲಿ ಒಂದು ಕನ್ನಡ ಗ್ರಂಥ ಮೆಟ್ಟಿಲಾಗಿತ್ತು.

ವೀರಸೇನರ ಆಕ್ಷೇಪ ಮಾತ್ರ ಶತಮಾನಗಳ ಕಾಲ ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯ ಓಲೆಗರಿಗಳಲ್ಲಿ ಉಳಿಯಿತು. ಆ ಪ್ರತಿಗಳು ಪೂಜೆಗೊಳ್ಳುತ್ತಿದ್ದವು. ಓದಿಗೆ ದೊರೆಯುವುದು ಅಪರೂಪವಾಗಿತ್ತು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಹೊರಬಂದದ್ದು 1939ರಲ್ಲಿ. 1942ರ ನಾಲ್ಕನೆಯ ಸಂಪುಟದಲ್ಲಿ ಲಖನೌ ವಿಶ್ವವಿದ್ಯಾಲಯದ ಗಣಿತಜ್ಞ ಎ. ಎನ್. ಸಿಂಗ್ ಧವಲೆಯ ಗಣಿತವನ್ನು ಕುರಿತು ಬರೆದ ಪ್ರಬಂಧ ಪ್ರಕಟವಾದ ಮೇಲೆಯೇ ಅರ್ಧಚ್ಛೇದದ ನಿಯಮಗಳೂ ಈ ಸಂಖ್ಯೆಯ ವಿವಾದವೂ ಗಣಿತೇತಿಹಾಸಕಾರರ ಗಮನಕ್ಕೆ ಬಂದವು. ಸಂಖ್ಯೆಯನ್ನು ಹೇಳಿದ ಗ್ರಂಥ ಎಲ್ಲರಿಗೂ ಸಿಕ್ಕಿತ್ತು, ಅದನ್ನು ಪ್ರಶ್ನಿಸಿದ ಗ್ರಂಥ ಪೆಟ್ಟಿಗೆಯಲ್ಲಿತ್ತು.

ಸಾಹಿತ್ಯದ ವಿದ್ಯಾರ್ಥಿಗೆ ಈ ಪ್ರಸಂಗದಲ್ಲಿ ಇನ್ನೊಂದು ಪ್ರಯೋಜನವಿದೆ. ಪಾಠಶೋಧಕನಿಗೆ ಸಾಮಾನ್ಯವಾಗಿ ಪ್ರತಿಗಳ ಸಾಕ್ಷ್ಯ ಮತ್ತು ಅರ್ಥದ ಔಚಿತ್ಯಗಳೇ ಆಧಾರ. ಅಕ್ಷರಾಂಕಗಳ ಈ ಗಾಹೆಗೆ ಮೂರನೆಯ ಸಾಕ್ಷಿಯಾಗಿ ಗಣಿತ ನಿಲ್ಲುತ್ತದೆ. ಗಾಹೆಯ ಹದಿಮೂರನೆಯ ಅಕ್ಷರ ಪ್ರಾಕೃತದ ‘ಸಿ’. ಅದರ ಬೆಲೆ 7. ಸಂಸ್ಕೃತದ ಅಭ್ಯಾಸಬಲದಿಂದ ಲಿಪಿಕಾರನೊಬ್ಬ ಅದನ್ನು ‘ಶಿ’ ಎಂದು ತಿದ್ದಿದರೆ ಬೆಲೆ 5 ಆಗುತ್ತದೆ. ಅರ್ಥಕ್ಕೆ ಭಂಗವಿಲ್ಲ, ಸಂಖ್ಯೆ ಕೆಡುತ್ತದೆ. ಇಪ್ಪತ್ತಮೂರು, ಇಪ್ಪತ್ತನಾಲ್ಕನೆಯ ಅಕ್ಷರಗಳು ಕ್ರಮವಾಗಿ ತಕಾರ, ಟಕಾರ. ಅವು ಸ್ಥಾನಪಲ್ಲಟವಾದರೆ 16 ಇರಬೇಕಾದೆಡೆ 61 ಬರುತ್ತದೆ. ಯಾವ ಪಾಠ ಸರಿಯೆಂದು ತಿಳಿಯಲು ಹಿಂದಿನ ಗಾಹೆಯ ಘನವನ್ನು ಬಿಡಿಸಿದರೆ ಸಾಕು. ಬಾದಾಲವನ್ನು ಮೂರು ಬಾರಿ ಗುಣಿಸಿದವನಿಗೆ ಪ್ರತಿ ಅಕ್ಷರಕ್ಕೂ ಉತ್ತರ ಸಿಗುತ್ತದೆ. ಅನೇಕ ಕೈಗಳನ್ನು ದಾಟಿಯೂ ಈ ಇಪ್ಪತ್ತೊಂಬತ್ತು ಅಂಕಗಳಲ್ಲಿ ಒಂದೂ ತಪ್ಪದೆ ಬಂದಿದೆಯೆಂದರೆ, ನಿಯಮ ಮತ್ತು ಅಂಕ ಅಕ್ಕಪಕ್ಕದ ಗಾಹೆಗಳಲ್ಲಿ ಒಂದನ್ನೊಂದು ಕಾಯುತ್ತಿರುವುದು ಅದಕ್ಕೆ ಮುಖ್ಯ ಕಾರಣವಾಗಿರಬೇಕು.

ಆದರೆ ಸರಿಯಾಗಿ ಉಳಿದ ಸಂಖ್ಯೆಗೂ ಸತ್ಯವಾದ ಸಂಖ್ಯೆಗೂ ಅಂತರವಿದೆ. ಗೊಮ್ಮಟಸಾರ ಮೊದಲನೆಯದನ್ನು ಕಾಪಾಡಿತು. ಧವಲೆ ಎರಡನೆಯದರ ಪ್ರಶ್ನೆಯನ್ನು ಎತ್ತಿತು. ವೀರಸೇನರು ತಮ್ಮ ಟೀಕೆಯಲ್ಲಿ, ತಾವು ಒಪ್ಪದ ಮತವನ್ನೂ ಅದರ ಸ್ಥಾನಗಳ ಎಣಿಕೆಯ ಸಮೇತ ದಾಖಲಿಸಿ ಅನಂತರ ನಿರಾಕರಿಸಿದರು. ಪರಂಪರೆಯೂ ಆ ನಿರಾಕರಣೆಯನ್ನು ಅಳಿಸಲಿಲ್ಲ. ನೇಮಿಚಂದ್ರರ ಗಾಹೆಯನ್ನು ಬಾಯಿಪಾಠ ಮಾಡುತ್ತಲೇ ವೀರಸೇನರ ಓಲೆಗಳನ್ನೂ ಪ್ರತಿಮಾಡಿ ಇಟ್ಟುಕೊಂಡಿತು. ಇಂದು ಎರಡೂ ಮುದ್ರಿತವಾಗಿ ಮೇಜಿನ ಮೇಲಿವೆ. ಗಾಹೆಯ ಅಂಕಗಳನ್ನು ಬಿಡಿಸಿದ ವಿದ್ಯಾರ್ಥಿ ಧವಲೆಯ ದ್ರವ್ಯಪ್ರಮಾಣಾನುಗಮವನ್ನೂ ತೆರೆದು ನೋಡಬೇಕು; ಆಗಲೇ ಆ ಸಂಖ್ಯೆಯ ಓದು ಪೂರ್ಣವಾಗುತ್ತದೆ.